ಪ್ಯಾಕೆಟ್ ಮೇಲೆ 'ವೀಗನ್', 'ಪ್ಲಾಂಟ್ ಬೇಸ್ಡ್' ಅಂತ ಇದ್ರೆ ಆರೋಗ್ಯಕ್ಕೆ ಒಳ್ಳೇದು ಅಂತ ನಂಬ್ಬೋದಾ?

ಕುವೆಂಪುನಗರದ_ಅಮ್ಮ

ಎಲ್ರಿಗೂ ನಮಸ್ಕಾರ. ನಾವಿರೋದು ಮೈಸೂರಲ್ಲಿ, ನನ್ ತವರು ಮದ್ದೂರು ಹತ್ರ ಒಂದು ಹಳ್ಳಿ. ಸ್ವಲ್ಪ ಉದ್ದ ಬರ್ದಿದೀನಿ, ಬೇಜಾರ್ ಮಾಡ್ಕೋಬೇಡಿ, ಪೂರ್ತಿ ಓದಿ ಹೇಳಿ.

ಮಗಳಿಗೆ 20 ವರ್ಷ, ಡಿಗ್ರಿ ಕೊನೇ ವರ್ಷ. ಹೋದ್ವರ್ಷ ತವರಿಗೆ ಹೋಗಿದ್ದಾಗ ಹಸು ಈದಿತ್ತು, ಗಂಡು ಕರು, ಎರಡು ವಾರಕ್ಕೇ ಅದನ್ನ ಮಾರ್ಬಿಟ್ರು, ಅವತ್ತು ರಾತ್ರಿಯೆಲ್ಲಾ ಆ ಹಸು ಕೂಗ್ತಾನೇ ಇತ್ತು, ಇವ್ಳು ನಿದ್ದೆ ಮಾಡ್ದೆ ಕೊಟ್ಟಿಗೆ ಬಾಗಿಲಲ್ಲೇ ಕೂತಿದ್ಳು. ಮೈಸೂರಿಗೆ ಬಂದ್ಮೇಲೆ ಹಾಲು ಮೊಸರು ತುಪ್ಪ ಎಲ್ಲಾ ಬಿಟ್ಳು, ಪ್ರಾಣಿಯಿಂದ ಬರೋದೇನೂ ತಿನ್ನದ 'ವೀಗನ್' ಆದ್ಳು. ಮೊದ್ಲು ನಾನು ಜಗಳ ಆಡ್ದೆ, ಆಮೇಲೆ ಅವಳ ಮನಸ್ಸಿಗೆ ಅದು ಎಷ್ಟು ತಾಗಿದೆ ಅಂತ ಅರ್ಥ ಆಯ್ತು, ಬಲವಂತ ಮಾಡ್ಲಿಲ್ಲ. ಅದು ಅವಳ ತೀರ್ಮಾನ, ಅದು ಸರಿನಾ ತಪ್ಪಾ ಅನ್ನೋ ಚರ್ಚೆ ಇಲ್ಲಿ ಬೇಡ ಅಂತ ಮೊದ್ಲೇ ಕೇಳ್ಕೊಳ್ತೀನಿ.

ನನ್ ಪ್ರಶ್ನೆ ಪ್ಯಾಕೆಟ್‌ಗಳದ್ದು. ಹಾಲು ಬಿಟ್ಮೇಲೆ ಮನೇಗೆ ಬಾದಾಮಿ ಹಾಲಿನ ಡಬ್ಬ, ವೀಗನ್ ನಗೆಟ್ಸ್, ವೀಗನ್ ಕುಕೀಸ್, ಪ್ರೋಟೀನ್ ಬಾರ್ ಬರೋಕ್ ಶುರುವಾಯ್ತು. ಎಲ್ಲದ್ರ ಮೇಲೂ ಹಸಿರು ಬಣ್ಣ, ಎಲೆ ಚಿತ್ರ, 'ಕೊಲೆಸ್ಟ್ರಾಲ್ ಇಲ್ಲ' ಅಂತ ದಪ್ಪಕ್ಷರ. ನಾನೂ ನಂಬ್ದೆ. ಹಾಲಿಲ್ದೇ ಇದ್ರೂ ಇಷ್ಟು ದುಡ್ಡು ಕೊಟ್ಟು ತರ್ತಿರೋದು ಒಳ್ಳೇದೇ ಇರುತ್ತಲ್ಲ ಅಂತ. ನಮ್ಮನೆಯವ್ರಿಗೆ ಶುಗರ್ ಬಾರ್ಡರಲ್ಲಿ ಇತ್ತು, ಅವರೂ ಬೇರೆ ಬಿಸ್ಕೆಟ್ ಬಿಟ್ಟು ಈ ಕುಕೀಸೇ ಕಾಫಿ ಜೊತೆ ತಿನ್ನೋಕ್ ಶುರು ಮಾಡಿದ್ರು, ಗಿಡದಿಂದ ಬಂದಿದ್ದು ತಾನೆ ಅಂತ, ದಿನಕ್ಕೆ ಐದಾರು.

ಹೋದ್ ತಿಂಗ್ಳು ಇಬ್ರಿಗೂ ಬ್ಲಡ್ ಟೆಸ್ಟ್ ಮಾಡ್ಸಿದ್ವಿ. ಮಗ್ಳು ಮೂರ್ನಾಲ್ಕ್ ತಿಂಗ್ಳಿಂದ ಸುಸ್ತು ಅಂತಿದ್ಳು, ಪಾದ ಜುಮ್ ಅನ್ನುತ್ತೆ ಅಂತಿದ್ಳು, ವಿಟಮಿನ್ ಬಿ12 ನೋಡಿದ್ರೆ 138, ತುಂಬಾ ಕಮ್ಮಿ. ಇವ್ರ ಎಚ್‌ಬಿಎ1ಸಿ (ಮೂರು ತಿಂಗ್ಳ ಸರಾಸರಿ ಶುಗರ್) 5.9 ಇದ್ದಿದ್ದು 6.3 ಆಗಿದೆ. ಅವತ್ತು ರಾತ್ರಿ ಅಡುಗೆಮನೇಲಿ ಕೂತು ಎಲ್ಲಾ ಪ್ಯಾಕೆಟ್ ತಿರುಗ್ಸಿ ಓದ್ದೆ. ಅಕ್ಷರ ಎಷ್ಟು ಸಣ್ಣ ಅಂದ್ರೆ ಕನ್ನಡಕ ಸಾಲ್ದೆ ಮೊಬೈಲಲ್ಲಿ ಫೋಟೋ ತೆಗ್ದು ದೊಡ್ಡದು ಮಾಡ್ಕೊಂಡು ಓದ್ಬೇಕಾಯ್ತು. ಕುಕೀಸಲ್ಲಿ ಮೊದಲ್ನೇದು ಮೈದಾ, ಎರಡ್ನೇದು ಸಕ್ಕರೆ, ಮೂರ್ನೇದು ಪಾಮ್ ಆಯಿಲ್. ನೂರು ಗ್ರಾಂಗೆ 27 ಗ್ರಾಂ ಸಕ್ಕರೆ. ಆರು ಕುಕೀಸ್ ತೂಕ ಹಾಕಿದ್ರೆ 75 ಗ್ರಾಂ ಬಂತು, ಅಂದ್ರೆ ನಾಲ್ಕು ಚಮಚ ಸಕ್ಕರೆ ನಮ್ಮನೆಯವ್ರು ದಿನಾ ತಿಂತಿದ್ರು, ಕಾಫಿಗೆ ಸಕ್ಕರೆ ಬಿಟ್ಟಿದೀನಿ ಅಂದ್ಕೊಂಡು. ನಂಗೆ ಅಳುನೇ ಬಂತು.

ಹಾಗಾದ್ರೆ ಆ ವೀಗನ್ ಅನ್ನೋ ಗುರುತಿಗೆ ಅರ್ಥ ಏನು? ಯಾರೂ ಚೆಕ್ ಮಾಡಲ್ವಾ? ಮಗಳ ಮನಸ್ಸು ನೋಯಿಸ್ದೆ ಅವಳಿಗೆ ಏನು ಮಾಡ್ಕೊಡ್ಲಿ?

ಸರಸ್ವತಿಪುರಂ_ಫುಡ್‌ಟೆಕ್

ಅಕ್ಕ, ನಾನು ಫುಡ್ ಟೆಕ್ನಾಲಜಿ ಓದಿ 11 ವರ್ಷದಿಂದ ಇದೇ ಲೈನಲ್ಲಿದೀನಿ. ನೀವು ರಾತ್ರಿ ಕೂತು ತೂಕ ಹಾಕಿ ಲೆಕ್ಕ ಮಾಡಿದ್ರಲ್ಲ, ಅದನ್ನ ಎಲ್ರೂ ಮಾಡ್ಬೇಕು.

ಗುರುತಿಗೆ ಅರ್ಥ ಇದೆ, ಚೆಕ್ಕೂ ಇದೆ. ಆದ್ರೆ ನೀವು ಅಂದ್ಕೊಂಡಿರೋ ಅರ್ಥ ಅಲ್ಲ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ರೆ ವೆಜ್, ಅದ್ರಲ್ಲಿ ಹಾಲು ಜೇನುತುಪ್ಪ ಇರ್ಬೋದು. ವೀಗನ್‌ಗೆ ಬೇರೆ ಗುರುತು, ಚೌಕದೊಳಗೆ ಹಸಿರು 'ವಿ' ಅಕ್ಷರ, ಜೊತೆಗೆ ಒಂದು ಪುಟ್ಟ ಎಲೆ. ಆ ಲೋಗೋನ ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಬಿಡುಗಡೆ ಮಾಡಿದ್ದು 2021ರಲ್ಲಿ, ವೀಗನ್ ಫುಡ್ಸ್ ರೆಗ್ಯುಲೇಶನ್ಸ್ ಬಂದಿದ್ದು 2022ರಲ್ಲಿ. ಪ್ರಾಣಿಯಿಂದ ಬಂದ ಪದಾರ್ಥ, ಬಣ್ಣ, ಫ್ಲೇವರ್, ಎಂಜೈಮ್ ಯಾವುದನ್ನೂ ತಯಾರಿಕೆಯ ಯಾವ ಹಂತದಲ್ಲೂ ಬಳಸಿರಬಾರ್ದು, ಪ್ರಾಣಿ ಮೇಲೆ ಟೆಸ್ಟ್ ಮಾಡಿರಬಾರ್ದು, ಅದಿಷ್ಟೇ ಆ ಗುರುತು ಕೊಡೋ ಭರವಸೆ. ನಿಮ್ಮ ಮಗಳು ಕೊಟ್ಟಿಗೆ ಬಾಗಿಲಲ್ಲಿ ಕೂತು ಕೇಳ್ಕೊಂಡ ಪ್ರಶ್ನೆಗೆ ಅದು ಉತ್ತರ ಕೊಡುತ್ತೆ. ಅವಳಪ್ಪನ ಶುಗರ್ ಬಗ್ಗೆ ಅದು ಏನೂ ಹೇಳಲ್ಲ, ಹೇಳೋದು ಅದರ ಕೆಲ್ಸವೂ ಅಲ್ಲ. ಸಕ್ಕರೆ ವೀಗನ್, ಮೈದಾ ವೀಗನ್, ಪಾಮ್ ಆಯಿಲ್ ವೀಗನ್, ಆಲೂಗಡ್ಡೆ ಚಿಪ್ಸ್, ಕೋಲಾ ಎಲ್ಲಾನೂ ವೀಗನ್ನೇ.

'ಕೊಲೆಸ್ಟ್ರಾಲ್ ಇಲ್ಲ' ಅಂತ ಬರೆಯೋದು ನೋಡಿದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ. ಗಿಡದಿಂದ ಬರೋ ಯಾವ ಆಹಾರದಲ್ಲೂ ಲೆಕ್ಕಕ್ಕೆ ಬರೋಷ್ಟು ಕೊಲೆಸ್ಟ್ರಾಲ್ ಇರೋದೇ ಇಲ್ಲ. ಪಾಮ್ ಆಯಿಲಲ್ಲಿ ಕೊಲೆಸ್ಟ್ರಾಲ್ ಇಲ್ಲ, ಆದ್ರೆ ಅದರ ಹತ್ತತ್ರ ಅರ್ಧ ಭಾಗ ಸ್ಯಾಚುರೇಟೆಡ್ ಫ್ಯಾಟ್, ತೆಂಗಿನೆಣ್ಣೇಲಿ ಅದಕ್ಕಿಂತ್ಲೂ ಎಷ್ಟೋ ಜಾಸ್ತಿ, ನಮ್ ದೇಹದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರ್ಸೋದು ಆ ಫ್ಯಾಟೇ.

ಇನ್ನೊಂದು, ಇಂಗ್ರೀಡಿಯೆಂಟ್ಸ್ ಪಟ್ಟೀಲಿ ತೂಕ ಯಾವುದು ಜಾಸ್ತಿನೋ ಅದು ಮೊದ್ಲು ಬರ್ಬೇಕು ಅಂತ ನಿಯಮ. ಅದಕ್ಕೇ ಕೆಲವ್ರು ಸಕ್ಕರೆನ ಒಡೆದು ಬೇರೆಬೇರೆ ಹೆಸ್ರಲ್ಲಿ ಹಾಕ್ತಾರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಖರ್ಜೂರದ ಸಿರಪ್, ಜೊತೆಗೆ ಮಾಲ್ಟೋಡೆಕ್ಸ್ಟ್ರಿನ್, ಅದು ಹೆಸರಿಗೆ ಸಕ್ಕರೆ ಅಲ್ಲ ಆದ್ರೆ ರಕ್ತದಲ್ಲಿ ಸಕ್ಕರೆಯಷ್ಟೇ ಬೇಗ ಏರುತ್ತೆ. ಒಂದೊಂದೂ ಸ್ವಲ್ಪ ಸ್ವಲ್ಪ ಅಂತ ಪಟ್ಟೀಲಿ ಕೆಳಗೆ ಹೋಗ್ಬಿಡುತ್ತೆ, ಮೊದಲ್ನೇ ಜಾಗದಲ್ಲಿ ಓಟ್ಸ್ ಕೂರುತ್ತೆ. ಒಂದ್ ಸರ್ವಿಂಗ್‌ಗೆ ಅಂತ ಹಾಕಿರೋ ನಂಬರ್ ನೋಡ್ಬೇಡಿ, 100 ಗ್ರಾಂ ಕಾಲಂ ನೋಡಿ.

ಬಾದಾಮಿ ಹಾಲು ಅಂತ ಬರೋದ್ರಲ್ಲಿ ಬಹುಪಾಲು ನೀರು. ಹಸುವಿನ ಹಾಲಲ್ಲಿ 100 ಎಂಎಲ್‌ಗೆ 3 ಗ್ರಾಂ ಮೇಲೆ ಪ್ರೋಟೀನ್ ಇದ್ರೆ ಇದ್ರಲ್ಲಿ ಸಾಮಾನ್ಯವಾಗಿ ಒಂದು ಗ್ರಾಮೂ ಇರಲ್ಲ. ಸೋಯಾ ಹಾಲು ಹಸುವಿನ ಹಾಲಿಗೆ ಹತ್ರ ಬರುತ್ತೆ, ಸಕ್ಕರೆ ಹಾಕ್ದೇ ಇರೋದು ತಗೊಳ್ಳಿ.

ಮೈಸೂರಿಗೆ ಈ ವಿಷಯ ಹೊಸದೇನಲ್ಲ ಗೊತ್ತಾ. ನಮ್ಮ ಸಿಎಫ್‌ಟಿಆರ್‌ಐ, ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಲ್ಲಿ ಶುರುವಾಗಿದ್ದು, ಅಲ್ಲಿ ಕಡ್ಲೇಕಾಯಿ ಹಿಟ್ಟು, ಕಡ್ಲೆ ಹಿಟ್ಟು ಸೇರಿಸಿ ವಿಟಮಿನ್ ಹಾಕಿ ಇಂಡಿಯನ್ ಮಲ್ಟಿಪರ್ಪಸ್ ಫುಡ್ ಅಂತ ಮಾಡಿದ್ರು, ಕಡ್ಲೇಕಾಯಿ ಪ್ರೋಟೀನ್ ತೆಗೆದು ಹಾಲಿಗೆ ಬೆರೆಸಿ ಮಿಲ್ಟೋನ್ ಅಂತ ಮಾಡಿದ್ರು. ಗಿಡದ ಪ್ರೋಟೀನ್ ಹಾಕ್ತಿದ್ದಿದ್ದು ಬಡಮಕ್ಕಳಿಗೆ ಪ್ರೋಟೀನ್ ಸಿಗ್ಲಿ ಅಂತ, ಎಷ್ಟು ಗ್ರಾಂ ಅನ್ನೋ ಲೆಕ್ಕ ಮೊದ್ಲು, ಮಿಕ್ಕಿದ್ದು ಆಮೇಲೆ. ಈಗ ಎಲೆ ಚಿತ್ರ ಮೊದ್ಲು ಬರುತ್ತೆ.

ಆಲೆಮನೆ_ಪಾಂಡವಪುರ

ಅಕ್ಕೋ, ನಮ್ದು ಪಾಂಡವಪುರ ಕಡೆ, ನಮ್ಮಪ್ಪನ ಕಾಲದಿಂದ್ಲೂ ಆಲೆಮನೆ ಐತೆ. ಬೆಲ್ಲದ ಬಗ್ಗೆ ನಾನೇ ಹೇಳ್ಬೇಕು, ಯಾಕಂದ್ರೆ ಈಗ ಈ ಪ್ಯಾಕೆಟ್‌ಗಳ ಮ್ಯಾಲೆ 'ಸಕ್ಕರೆ ಇಲ್ಲ, ಬೆಲ್ಲ ಹಾಕಿದ್ದು' ಅಂತ ಬರ್ದು ಶುಗರ್ ಇರೋರ್ಗೂ ಮಾರ್ತಾವ್ರೆ. ಕೊಪ್ಪರಿಗೇಲಿ ಕಬ್ಬಿನ ಹಾಲು ಕಾಯ್ಸಿ ಕಾಯ್ಸಿ ನೀರು ಹೋದ್ಮ್ಯಾಲೆ ಉಳ್ಯೋದೇ ಬೆಲ್ಲ. ಅದ್ರಲ್ಲಿ ಒಸಿ ಕಬ್ಬಿಣ ಗಿಬ್ಬಿಣ ಐತೆ ನಿಜ, ಆದ್ರೆ ಮುಕ್ಕಾಲು ಪಾಲು ಸಕ್ಕರೆನೇ. ನಾನು ಬೆಲ್ಲ ಮಾರಿ ಬದುಕೋನು, ನಾನೇ ಹೇಳ್ತಿವ್ನಿ, ಶುಗರ್ ಇರೋರು ಬೆಲ್ಲ ಅಂತ ಧೈರ್ಯ ಮಾಡ್ಬೇಡಿ.

ಇನ್ನೊಂದು ವಿಷ್ಯ, ಬೆಲ್ಲ ಹಳದಿಗೆ ಫಳಫಳ ಅನ್ಲಿ ಅಂತ ಎಷ್ಟೋ ಕಡೆ ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕ್ತಾರೆ. ನಮ್ಮಪ್ಪ ಬೆಂಡೆ ಗಿಡ ಜಜ್ಜಿ ಅದ್ರ ಲೋಳೆ ಹಾಕಿ ಮಡ್ಡಿ ತೆಗೀತಿದ್ರು, ನಾನೂ ಅಂಗೇ ಮಾಡ್ತೀನಿ, ನಮ್ ಬೆಲ್ಲ ಕಪ್ಪಗೆ ಇರ್ತದೆ, ಕಪ್ಪು ಬೆಲ್ಲಕ್ಕೆ ಮಾರ್ಕೆಟಲ್ಲಿ ರೇಟು ಕಮ್ಮಿ. ಈಗ ಹೈಡ್ರೋಸ್ ಹಾಕಿದ್ದೂ ಗಿಡದ್ದೇ ಬೆಲ್ಲ, ಹಾಕ್ದಿದ್ದೂ ಗಿಡದ್ದೇ ಬೆಲ್ಲ. ಎರಡೂ ಪ್ಲಾಂಟ್ ಬೇಸ್ಡೇ ಅಲ್ವಾ ಅಕ್ಕ? ಆ ಎಲೆ ಚಿತ್ರ ನೋಡಿ ಯಾವ್ದು ಯಾವ್ದು ಅಂತ ಎಂಗ್ ಗೊತ್ತಾಯ್ತದೆ?

ನಿಮ್ ಮಗೀಗೆ ನಮ್ ಕಡೆ ಊಟನೇ ಹಾಕಿ. ಹುರುಳಿಕಾಳು ಬಸ್ಸಾರು, ದಂಟಿನ ಸೊಪ್ಪಿನ ಉಪ್ಸಾರು, ರಾಗಿ ಮುದ್ದೆ, ಅವರೆಕಾಯಿ ಕಾಲದಲ್ಲಿ ಹಿತ್ಕಿದ ಬೇಳೆ, ಹುಚ್ಚೆಳ್ಳು ಚಟ್ನಿ. ಇದ್ರಲ್ಲಿ ಒಂದ್ ತೊಟ್ಟು ಹಾಲಿಲ್ಲ. ನಮ್ಮವ್ವ ವೀಗನ್ ಅನ್ನೋ ಮಾತೇ ಕೇಳಿಲ್ಲ, ಆದ್ರೂ ವಾರದಲ್ಲಿ ನಾಕ್ ದಿನ ನಮ್ಮನೇಲಿ ಅದೇ ಊಟ.

ಗೋಕುಲಂ_ವೀಗನ್

ಅಮ್ಮ, ನಾನು 7 ವರ್ಷದಿಂದ ವೀಗನ್. ಗೋಕುಲಂನಲ್ಲಿ ಯೋಗ ಕಲಿಯೋಕೆ ಬರೋ ಹೊರಗಿನವರ ಜೊತೆ ಸ್ನೇಹ ಆಗಿ ಶುರು ಮಾಡಿದ್ದು, ಈಗ ನಂದೇ ನಂಬಿಕೆ. ಮೊದ್ಲು ನಿಮಗೆ ಥ್ಯಾಂಕ್ಸ್, ಮಗಳ ತೀರ್ಮಾನಕ್ಕೆ ಗೌರವ ಕೊಟ್ಟಿದೀರಲ್ಲ, ನಂಗೆ ಮನೇಲಿ ಅದು ಸಿಕ್ಲಿಲ್ಲ.

ಬಿ12 ವಿಷಯದಲ್ಲಿ ದಯವಿಟ್ಟು ತಡ ಮಾಡ್ಬೇಡಿ. ಪಾದ ಜುಮ್ ಅನ್ನೋದು ನರಕ್ಕೆ ಸಂಬಂಧಪಟ್ಟಿದ್ದು, ಹಾಗೇ ಬಿಟ್ರೆ ಕೆಲವ್ರಿಗೆ ಪೂರ್ತಿ ವಾಪಸ್ ಸರಿ ಹೋಗಲ್ಲ. ಡಾಕ್ಟರ್ ಹೇಳಿದ ಇಂಜೆಕ್ಷನ್ನೋ ಮಾತ್ರೆನೋ ಶುರು ಮಾಡಿ. ಬಿ12 ಮಾಡೋದು ಬ್ಯಾಕ್ಟೀರಿಯಾ, ನಂಬೋ ಹಾಗೆ ಅದು ಯಾವ ಸೊಪ್ಪಲ್ಲೂ ಯಾವ ಕಾಳಲ್ಲೂ ಸಿಗಲ್ಲ, ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದೊಡ್ಡವ್ರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕು, ಅಷ್ಟು ಸಣ್ಣದು ಆದ್ರೆ ಬೇಕೇ ಬೇಕು. ಸ್ಪಿರುಲಿನಾ ಅನ್ನೋ ಪಾಚಿ ಪುಡಿ ತಗೊಂಡ್ರೆ ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಅದ್ರಲ್ಲಿರೋದ್ರಲ್ಲಿ ಹೆಚ್ಚಿನದು ನಮ್ ದೇಹಕ್ಕೆ ಕೆಲ್ಸಕ್ಕೆ ಬರ್ದೇ ಇರೋ ರೂಪ. ಸೊಪ್ಪು ಕಾಳು ಚೆನ್ನಾಗಿ ತಿನ್ನೋರಲ್ಲಿ ಫೋಲೇಟ್ ಅನ್ನೋ ವಿಟಮಿನ್ ಜಾಸ್ತಿ ಇರೋದ್ರಿಂದ ರಕ್ತಹೀನತೆ ಕಾಣಿಸ್ಕೊಳ್ದೆ ಬಿ12 ಕೊರತೆ ಒಳಗೊಳಗೇ ಬೆಳೆಯೋದೂ ಉಂಟು, ಹಿಮೋಗ್ಲೋಬಿನ್ ಚೆನ್ನಾಗಿದೆ ಅಂತ ಸುಮ್ನಾಗ್ಬೇಡಿ. ಮಾತ್ರೆ ಜೀವನಪೂರ್ತಿನಾ ಅಂತ ಅವಳು ಕೇಳ್ತಾಳೆ. ಹೌದು. ನಾನೂ ತಗೊಳ್ತೀನಿ, ಅದ್ರಲ್ಲಿ ಸೋಲು ಅನ್ನೋದೇನಿಲ್ಲ.

ಒಂದು ಬೇಜಾರು ಹೇಳ್ಕೊಳ್ಳಲಾ. ಇಂಥ ಪೋಸ್ಟ್ ಬಂದಾಗೆಲ್ಲ 'ನೋಡಿ ವೀಗನ್ ಆದ್ರೆ ಹಿಂಗಾಗುತ್ತೆ' ಅಂತಾರೆ. ಹಾಲು ಕುಡಿಯೋ ಮನೆಗಳಲ್ಲೂ ಬಿ12 ಕಮ್ಮಿ ಇರೋರು ನಮ್ ದೇಶದಲ್ಲಿ ಬೇಕಾದಷ್ಟಿದಾರೆ. ತಪ್ಪು ಆಗಿರೋದು ಪ್ರಾಣಿ ಮೇಲಿನ ಪ್ರೀತೀಲಿ ಅಲ್ಲ, ಆ ಪ್ರೀತಿನ ಉಪಯೋಗಿಸ್ಕೊಂಡು ಮೈದಾ ಸಕ್ಕರೆನ ಮೂರು ಪಟ್ಟು ರೇಟಿಗೆ ಮಾರೋದ್ರಲ್ಲಿ.

ಅಗ್ರಹಾರದ_ಹಿರಿಯ

ತಂಗಿ, ನನಗೆ 71. ನಮ್ಮ ತಂದೆ ಮದುವೆ ಮನೆ ಅಡುಗೆ ಮಾಡ್ತಿದ್ದರು, ನಾನು ಹುಡುಗನಾಗಿದ್ದಾಗ ಅವರ ಜೊತೆ ಹೋಗ್ತಿದ್ದೆ. ಈ ಹಸಿರು ಚಿತ್ರ, ಗಿಡದ್ದು ಅಂತ ಹೇಳಿ ಮಾರೋದು ನಾನು ಆಗಲೇ ನೋಡಿದ್ದೀನಿ. ವನಸ್ಪತಿ! ಆ ಪದಕ್ಕೆ ಅರ್ಥವೇ ಗಿಡ ಅಂತ. ತುಪ್ಪಕ್ಕಿಂತ ಅಗ್ಗ, ಗಿಡದ್ದು, ಶುದ್ಧ ಅಂತ ಮನೆಮನೆಗೂ ತಗಡಿನ ಡಬ್ಬ ಬಂತು. ನಮ್ಮ ತಂದೆ ತುಪ್ಪ ಕೊಡಲಾಗದ ಮನೆಗಳಲ್ಲಿ ವನಸ್ಪತಿ ಹಾಕಿಯೇ ಮೈಸೂರ್ ಪಾಕ್ ಎತ್ತುತ್ತಿದ್ದರು, ಕಡಲೆಹಿಟ್ಟು, ಸಕ್ಕರೆ, ವನಸ್ಪತಿ, ಇವತ್ತಿನ ಲೆಕ್ಕದಲ್ಲಿ ಅದು ಪೂರಾ ವೀಗನ್ ಸಿಹಿ. ತಣ್ಣಗಾದ ಮೇಲೆ ಬಾಯಿಯ ಮೇಲಂಗಳಕ್ಕೆ ಮೇಣದ ಹಾಗೆ ಅಂಟಿಕೊಳ್ಳೋದು, ಬಿಸಿನೀರು ಕುಡಿದರೂ ಹೋಗ್ತಿರಲಿಲ್ಲ, ಅದು ಈಗಲೂ ನನಗೆ ನೆನಪಿದೆ.

ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡುವಾಗ ಟ್ರಾನ್ಸ್ ಫ್ಯಾಟ್ ಹುಟ್ಟುತ್ತೆ, ಅದು ಹೃದಯಕ್ಕೆ ಎಲ್ಲಕ್ಕಿಂತ ಕೆಟ್ಟದ್ದು ಅನ್ನೋದು ನಮಗೆಲ್ಲ ಗೊತ್ತಾಗೋ ಹೊತ್ತಿಗೆ ಎರಡು ತಲೆಮಾರು ತಿಂದು ಮುಗಿಸಿತ್ತು. ಎಣ್ಣೆ ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ನೂರಕ್ಕೆ 2 ಮೀರಬಾರದು ಅನ್ನೋ ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ನನಗೆ 2009ರಲ್ಲಿ ಸ್ಟೆಂಟ್ ಹಾಕಿದ್ದಾರೆ. ವನಸ್ಪತಿಯಿಂದಲೇ ಅಂತ ಹೇಳೋಕೆ ಬರಲ್ಲ, ಆದರೆ ಡಬ್ಬದ ಮೇಲಿನ ಮಾತನ್ನು ಒಂದು ಸಲ ನಂಬಿದ ಮನೆ ನಮ್ಮದು, ಅದಕ್ಕೇ ನಿನಗೆ ಇಷ್ಟು ಬರೆದೆ. ಹೈಡ್ರೋಜನೇಟೆಡ್ ಅನ್ನೋ ಮಾತು ಹಿಂದೆ ಕಂಡರೆ ಆ ಪ್ಯಾಕೆಟ್ ಕೆಳಗಿಡು ತಾಯಿ.

ಹಾಲು_ಬೇಕು_ಗುರು

ಮೇಡಂ ಇಷ್ಟೆಲ್ಲಾ ತಲೆನೋವು ಯಾಕೆ, ಮನೆ ಮುಂದೆ ಡೇರಿ ಹಾಲು ಸಿಗುತ್ತೆ, ಎರಡು ಲೋಟ ಕುಡಿಸಿ, ಬಿ12 ಕ್ಯಾಲ್ಸಿಯಂ ಪ್ರೋಟೀನ್ ಎಲ್ಲಾ ಬರುತ್ತೆ. ಈ ವೀಗನ್ ಅನ್ನೋದೇ ಹೊರದೇಶದ ಫ್ಯಾಷನ್. ಮಂಡ್ಯ ಜಿಲ್ಲೇಲಿ ಎಷ್ಟೋ ಮನೆ ನಡೀತಿರೋದೇ ಹಾಲಿನ ದುಡ್ಡಲ್ಲಿ, ಅದನ್ನೂ ಯೋಚ್ನೆ ಮಾಡಿ.

ಸರಸ್ವತಿಪುರಂ_ಫುಡ್‌ಟೆಕ್

ಗುರು ಅವ್ರೆ, ಹಾಲಿನ ದುಡ್ಡಲ್ಲೇ ಓದಿದೋನು ನಾನೂ, ನಿಮ್ ಮಾತು ಗೊತ್ತಾಗುತ್ತೆ. ಆದ್ರೆ ಅಕ್ಕ ಮೊದ್ಲೇ ಕೇಳ್ಕೊಂಡಿದಾರೆ ಆ ಚರ್ಚೆ ಬೇಡ ಅಂತ. ಇಲ್ಲಿ ಪ್ರಶ್ನೆ ಹಾಲು ಬೇಕಾ ಬೇಡ್ವಾ ಅಂತಲ್ಲ.

ಗಿಡದ ಊಟ ಒಳ್ಳೇದಾ ಕೆಟ್ಟದ್ದಾ ಅನ್ನೋದಕ್ಕೆ ಸಂಶೋಧನೆ ಏನು ಹೇಳುತ್ತೆ ಅಂತ ಹೇಳ್ಬಿಡ್ತೀನಿ. 2017ರಲ್ಲಿ ಹಾರ್ವರ್ಡ್‌ನವ್ರು ಅಮೆರಿಕದ 2 ಲಕ್ಷಕ್ಕೂ ಹೆಚ್ಚು ಆರೋಗ್ಯ ಕ್ಷೇತ್ರದವರ ಊಟದ ಲೆಕ್ಕ ನೋಡಿ, ಗಿಡದ ಊಟನೇ ಎರಡು ಗುಂಪು ಮಾಡಿದ್ರು. ಇಡಿ ಧಾನ್ಯ, ಹಣ್ಣು, ತರಕಾರಿ, ಕಾಳು, ಬೀಜ ಒಂದ್ ಕಡೆ, ಮೈದಾ ಥರ ಪಾಲಿಶ್ ಮಾಡಿದ ಧಾನ್ಯ, ಆಲೂಗಡ್ಡೆ, ಸಿಹಿ ತಿಂಡಿ, ಸಿಹಿ ಪಾನೀಯ ಇನ್ನೊಂದ್ ಕಡೆ. ಮೊದಲ್ನೇದು ಜಾಸ್ತಿ ತಿಂದೋರಲ್ಲಿ ಹೃದಯದ ಕಾಯಿಲೆ ಕಮ್ಮಿ, ಎರಡ್ನೇದು ಜಾಸ್ತಿ ತಿಂದೋರಲ್ಲಿ ಹೆಚ್ಚು. ಎರಡೂ ಗಿಡದ್ದೇ. 2024ರಲ್ಲಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಅನ್ನೋ ದೊಡ್ಡ ಆರೋಗ್ಯ ಸಂಗ್ರಹದ ಮಾಹಿತಿ ಇಟ್ಕೊಂಡು ಮಾಡಿದ್ರಲ್ಲೂ ಹಂಗೇ ಬಂತು, ಗಿಡದಿಂದ್ಲೇ ಮಾಡಿದ ಅಲ್ಟ್ರಾ ಪ್ರೊಸೆಸ್ಡ್ (ಫ್ಯಾಕ್ಟರೀಲಿ ತುಂಬಾ ಸಂಸ್ಕರಿಸಿದ) ತಿಂಡಿ ಊಟದಲ್ಲಿ ಶೇ 10 ಜಾಸ್ತಿ ಆದಂಗೆಲ್ಲ ಹೃದಯ ರಕ್ತನಾಳದ ಕಾಯಿಲೆ ಅಪಾಯ ಶೇ 5 ಹೆಚ್ಚು ಕಂಡಿದೆ. ಒಂದು ಮಾತ್ರ ನ್ಯಾಯವಾಗಿ ಹೇಳ್ಬೇಕು, ಅಲ್ಲಿ ಅಲ್ಟ್ರಾ ಪ್ರೊಸೆಸ್ಡ್ ಅಂತ ಬಂದಿದ್ರಲ್ಲಿ ಹೆಚ್ಚಿನದು ಬ್ರೆಡ್ಡು ಬಿಸ್ಕೆಟ್ ಕೇಕು, ವೀಗನ್ ನಗೆಟ್ಸ್ ಥರದ್ದು ತೀರಾ ಕಮ್ಮಿ. ಅದಕ್ಕೆ ಈ ಲೆಕ್ಕ ನಗೆಟ್ಸ್‌ಗಿಂತ ನಿಮ್ಮ ಆ ಕುಕೀಸ್‌ಗೇ ಹೆಚ್ಚು ಅನ್ವಯ ಆಗುತ್ತೆ ಅಕ್ಕ.

ಮಗಳ ಪ್ರೋಟೀನ್ ಲೆಕ್ಕ: ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಅಂತ ಐಸಿಎಂಆರ್ ಹೇಳುತ್ತೆ, 50 ಕೆಜಿ ಇದ್ರೆ 41-42 ಗ್ರಾಂ. ಹುರುಳಿಕಾಳಲ್ಲಿ ನೂರಕ್ಕೆ 22 ಗ್ರಾಂ ಹತ್ರ, ಕಡ್ಲೇಕಾಯಿ ಬೀಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿ, ಕಾಳು ಎರಡು ಹೊತ್ತು ತಟ್ಟೇಲಿ ಇದ್ರೆ ಬಾರ್ ಬೇಕಾಗಲ್ಲ. ಕ್ಯಾಲ್ಸಿಯಂಗೆ ರಾಗಿ, ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ, ಜೊತೆಗೆ ಎಳ್ಳು. ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದ್ರೆ ಇನ್ನೂ ಚೆನ್ನಾಗಿ ಹತ್ತುತ್ತೆ. ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡಿ, ಊಟ ಆದ ತಕ್ಷಣ ಕಾಫಿ ಟೀ ಬೇಡ, ಕಬ್ಬಿಣದ ಅಂಶ ದೇಹಕ್ಕೆ ಹತ್ತೋದು ಕಮ್ಮಿ ಆಗುತ್ತೆ.

ಕುವೆಂಪುನಗರದ_ಅಮ್ಮ

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಎರಡು ತಿಂಗ್ಳಾದ್ಮೇಲೆ ಬರೀತಿದೀನಿ.

ಬಿ12 ಇಂಜೆಕ್ಷನ್ ಆಯ್ತು, ಈಗ ಮಾತ್ರೆ, ಮೊನ್ನೆ ಟೆಸ್ಟಲ್ಲಿ 410 ಬಂದಿದೆ, ಪಾದ ಜುಮ್ ಅನ್ನೋದು ಪೂರ್ತಿ ಹೋಗಿಲ್ಲ, ಕಮ್ಮಿ ಆಗಿದೆ. ಹಿರಿಯರು ಬರೆದಿದ್ದನ್ನ ನಮ್ಮನೆಯವ್ರಿಗೆ ಓದಿ ಹೇಳ್ದೆ, ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ ತಾವೇ ಎದ್ದು ಹೋಗಿ ಕುಕೀಸ್ ಡಬ್ಬ ಖಾಲಿ ಮಾಡಿ ಹುರಿದ ಕಡ್ಲೆ ತುಂಬಿಟ್ರು. ಅವ್ರ ಟೆಸ್ಟ್ ಮುಂದಿನ್ ತಿಂಗ್ಳು.

ಪಾಂಡವಪುರದ ಅಣ್ಣ ಹೇಳಿದ್ದು ನನ್ನ ಮನಸ್ಸಲ್ಲಿ ಕೂತ್ಬಿಡ್ತು. ನಮ್ಮವ್ವನ್ನ ಊರಿಂದ ಕರೆಸ್ಕೊಂಡೆ. ಅವ್ವ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೆನೆಸಿದ ಅವರೆಕಾಳು ಒಂದೊಂದೇ ಹಿತುಕೋದು ಹೇಳ್ಕೊಟ್ರು, ಹೆಬ್ಬೆರಳು ತೋರ್‌ಬೆರಳ ಮಧ್ಯೆ ಕಾಳು ಇಟ್ಟು ಒತ್ತಿದ್ರೆ ಬೇಳೆ ಚಿಮ್ಮಿ ಬಟ್ಲಿಗೆ ಬೀಳ್ಬೇಕು, ಮೊದ್ಲು ಎಲ್ಲಾ ನೆಲಕ್ಕೆ ಹಾರ್ತಿತ್ತು. ಆ ಕರುನ ಮಾರಿದ್ದಕ್ಕೆ ಅವ್ಳು ಅಜ್ಜಿ ಹತ್ರ ಒಂದ್ ವರ್ಷದಿಂದ ಸರಿಯಾಗಿ ಮಾತಾಡಿರ್ಲಿಲ್ಲ. ಅವತ್ತು ಇಬ್ರೂ ಒಂದೂವರೆ ಗಂಟೆ ಕೂತು ಹಿತುಕಿದ್ರು.

ಅಂಗಡೀಲಿ ಈಗ ಅವಳೇ ಪ್ಯಾಕೆಟ್ ತಿರುಗ್ಸಿ 100 ಗ್ರಾಂ ಕಾಲಂ ಓದ್ತಾಳೆ. ವಿ ಗುರುತೂ ನೋಡ್ತಾಳೆ, ಅದು ಅವಳಿಗೆ ಮುಖ್ಯ, ಅದನ್ನ ನಾನೂ ಈಗ ಒಪ್ಕೊಂಡಿದೀನಿ, ಆದ್ರೆ ಅದಾದ್ಮೇಲೆ ಹಿಂಬದಿನೂ ನೋಡ್ತಾಳೆ.

ಒಂದೇ ಒಂದು ಕೇಳ್ಬೇಕಿತ್ತು. ಫಿಲ್ಟರ್ ಕಾಫಿಗೆ ಸೋಯಾ ಹಾಲು ಹಾಕಿದ್ರೆ ಒಡೆದು ಮೊಸರಾದಂಗೆ ಆಗ್ತಿದೆ, ಅವಳು ಕಾಫಿ ಬಿಡೋಳಲ್ಲ. ಯಾರಿಗಾದ್ರೂ ಉಪಾಯ ಗೊತ್ತಾ?

ಗೋಕುಲಂ_ವೀಗನ್

ಅಮ್ಮ, 410 ನೋಡಿ ತುಂಬಾ ಖುಷಿ ಆಯ್ತು. ಡಿಕಾಕ್ಷನ್‌ಗೆ ಹಾಲು ಸುರೀಬೇಡಿ. ಸೋಯಾ ಹಾಲು ಬೇರೆ ಬಿಸಿ ಮಾಡಿ, ಕುದಿಯೋಕ್ ಬಿಡ್ಬೇಡಿ, ಡಿಕಾಕ್ಷನ್ ಒಂದೆರಡು ನಿಮಿಷ ಆರಲಿ, ಆಮೇಲೆ ಹಾಲಿಗೆ ಡಿಕಾಕ್ಷನ್ನ ಸ್ವಲ್ಪ ಸ್ವಲ್ಪವಾಗಿ ಹಾಕ್ತಾ ಚಮಚದಲ್ಲಿ ತಿರುಗಿಸ್ತಾ ಇರಿ. ಹುಳಿ ಕಮ್ಮಿ ಇರೋ ಪುಡಿ ತಗೊಳ್ಳಿ, ಸ್ವಲ್ಪ ಜಾಸ್ತಿ ಹುರಿದಿದ್ದು ಅಂತ ಕೇಳಿದ್ರೆ ಕಾಫಿಪುಡಿ ಅಂಗಡಿಯವ್ರೇ ಕೊಡ್ತಾರೆ.